ಕೃಪೆಯ ದೈವಶಾಸ್ತ್ರ: ನೊಂದವರ ಪಾಲೆಲ್ಲಿ?

ಈಚೆಗೆ ಕ್ಷಮೆಯ ಬಗ್ಗೆ ಬರುವ ಪುಸ್ತಕಗಳೂ ಪ್ರಸಂಗಗಳೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿವೆ: ಕ್ಷಮಿಸಿಬಿಡಿ, ಮನಸ್ಸು ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಕ್ರೈಸ್ತ ಬೋಧನೆಯ ತಿರುಳೇ ಇದು ಎಂಬಂತೆ ಭಾನುವಾರದ ಆರಾಧನೆಯಲ್ಲೂ ಕೇಳಿಬರುತ್ತದೆ. ಬಹಳ ಕಾಲ ದೈವಶಾಸ್ತ್ರದ ಪಾಠ ಹೇಳಿದವನಾಗಿ ನನಗೆ ಇದು ಒಪ್ಪಿಗೆಯಿಲ್ಲ. ಈ ಬೋಧನೆ ನಡೆದುಬಂದ ದಾರಿಯನ್ನು ಒಮ್ಮೆ ನೋಡಿದರೆ ನಾವು ಏನನ್ನು ಕೈಬಿಟ್ಟಿದ್ದೇವೆ ಎಂಬುದು ತಿಳಿಯುತ್ತದೆ.

ಲೂಕನ ಸುವಾರ್ತೆಯ 19ನೇ ಅಧ್ಯಾಯದಿಂದ ಶುರುಮಾಡೋಣ. ಸುಂಕದವರ ಮುಖ್ಯಸ್ಥ ಜಕ್ಕಾಯ ಮರ ಹತ್ತಿ ಕೂತಿದ್ದಾನೆ. ಯೇಸು ಅವನನ್ನು ಹೆಸರು ಹಿಡಿದು ಕರೆದು, ನಿನ್ನ ಮನೆಗೇ ಬರುತ್ತೇನೆ ಎನ್ನುತ್ತಾನೆ. ಜಕ್ಕಾಯ ಆಗಿನ್ನೂ ತಪ್ಪೊಪ್ಪಿಕೊಂಡಿಲ್ಲ, ಯಾವ ಷರತ್ತನ್ನೂ ಯಾರೂ ಹಾಕಿಲ್ಲ. ಕೃಪೆ ಮೊದಲು ಬಂತು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಜಕ್ಕಾಯ ಎದ್ದು ನಿಂತು ಹೇಳುತ್ತಾನೆ. ಅವನಿಂದ ಸುಲಿಗೆಗೊಳಗಾದವರೂ ಹೀಗೆ ಕಥೆಯೊಳಗೆ ಬರುತ್ತಾರೆ. ಮುಂದಿನ ಶತಮಾನಗಳ ಚರ್ಚೆಯಲ್ಲಿ ಮೆಲ್ಲನೆ ಮರೆಯಾದವರು ಇವರೇ.

ಐದನೇ ಶತಮಾನದಲ್ಲಿ ಅಗಸ್ಟೀನನಿಗೂ ಪೆಲಾಜಿಯಸನಿಗೂ ವಾದ ನಡೆಯಿತು. ಮನುಷ್ಯ ಸ್ವಂತ ಬಲದಿಂದ ಒಳ್ಳೆಯವನಾಗಬಲ್ಲನೇ ಎಂಬುದು ಪ್ರಶ್ನೆ. ಆಗಬಲ್ಲನೆಂಬ ಪೆಲಾಜಿಯಸನ ಮತವನ್ನು 418ರ ಕಾರ್ತೇಜ್ ಸಭೆ ತಳ್ಳಿಹಾಕಿತು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿತು. ಕದ್ದದ್ದನ್ನು ಹಿಂತಿರುಗಿಸದೆ ರಕ್ಷಣೆಯಿಲ್ಲ ಎಂದು ಥಾಮಸ್ ಅಕ್ವಿನಾಸ್ ಬರೆದ. ಮಧ್ಯಯುಗವನ್ನು ಹಳಿಯುವ ನಮ್ಮ ಪ್ರೊಟೆಸ್ಟೆಂಟರು ಇದನ್ನು ನೆನೆಯುವುದು ಅಪರೂಪ. 1517ರಲ್ಲಿ ಲೂಥರ್ ಪಾಪವಿಮೋಚನಾ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ, ಪಾಪಿ ನೀತಿವಂತನೆನಿಸುವುದು ಹೇಗೆಂಬ ಪ್ರಶ್ನೆಗೆ 1547ರಲ್ಲಿ ಟ್ರೆಂಟ್ ಸಭೆ ಕಥೋಲಿಕರ ಉತ್ತರ ಕೊಟ್ಟಿತು. ಆ ಜಗಳಕ್ಕೆ ಒಂದು ಮಟ್ಟಿನ ತೆರೆ ಬಿದ್ದದ್ದು 1999ರ ಅಕ್ಟೋಬರ್ 31ರಂದು, ಔಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿದಾಗ. ಅದು ದೊಡ್ಡ ಸಾಧನೆ, ನಿಜ. ಆದರೆ ಅಲ್ಲಿಯೂ ಮಾತೆಲ್ಲ ದೇವರು ಮತ್ತು ಪಾಪಿ, ಈ ಇಬ್ಬರ ನಡುವಿನದೇ.

ಕನ್ನಡ ನಾಡಿಗೆ ಈ ಬೋಧನೆಯನ್ನು ತಂದ ಮುಖ್ಯ ದಾರಿಗಳಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಒಂದು. ಹೆಚ್ಚಾಗಿ ಜರ್ಮನಿಯ ವ್ಯುರ್ಟೆಂಬರ್ಗಿನ ಭಕ್ತಿಪಂಥದಲ್ಲಿ ಬೆಳೆದ ಆ ಮಿಶನರಿಗಳಿಗೆ ವ್ಯಕ್ತಿಯ ಒಳಗಿನ ಪರಿವರ್ತನೆಯೇ ಎಲ್ಲಕ್ಕಿಂತ ಮುಖ್ಯ. ಆದರೂ ಅವರು ಹೃದಯಕ್ಕಷ್ಟೇ ನಿಲ್ಲಲಿಲ್ಲ. ದೀಕ್ಷಾಸ್ನಾನ ಪಡೆದವನಿಗೆ ಜಾತಿಯ ಜೊತೆ ಕಸುಬೂ ಕೈತಪ್ಪಿದಾಗ ನೇಯ್ಗೆ, ಮುದ್ರಣ, ಆಮೇಲೆ 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬಂದವು. ಅದೇ ಮಿಶನಿನ ಕಿಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹಾಡಿದರು. ಅವರ ನಿಘಂಟನ್ನು ಹೊಗಳುವ ನಾವು ಈ ಕಾವ್ಯವನ್ನು ದೈವಶಾಸ್ತ್ರವೆಂದು ಓದಿದ್ದು ಬಹಳ ಕಡಿಮೆ.

ಇಪ್ಪತ್ತನೇ ಶತಮಾನದಲ್ಲಿ ಕೃಪೆಯ ದೈವಶಾಸ್ತ್ರ ನಿಜವಾಗಿ ಮಗ್ಗುಲು ಬದಲಿಸಿತು. 1937ರಲ್ಲಿ ದೈವಶಾಸ್ತ್ರಜ್ಞ ಬೋನ್‌ಹಾಫರ್, ಹಿಟ್ಲರನ ಜರ್ಮನಿಯಲ್ಲಿ ಕೂತು, ಯೇಸುವನ್ನು ಹಿಂಬಾಲಿಸದವನಿಗೆ ಸಭೆ ಹಂಚುವ ಕೃಪೆ ಅಗ್ಗದ ಕೃಪೆ ಎಂದ. 1963ರಲ್ಲಿ ಬೈಬಲ್ ವಿದ್ವಾಂಸ ಸ್ಟೆಂಡಾಲ್ ಬರೆದ ಒಂದು ಲೇಖನ ಅಪೊಸ್ತಲ ಪೌಲನ ಓದನ್ನೇ ಅಲುಗಾಡಿಸಿತು: ತಪ್ಪಿತಸ್ಥ ಮನಸ್ಸಿನ ಸಂಕಟ ಲೂಥರನದು, ಪೌಲನದಲ್ಲ, ಪೌಲನ ಚಿಂತೆ ಯೆಹೂದ್ಯರೂ ಅನ್ಯಜನರೂ ಒಂದೇ ಪಂಕ್ತಿಯಲ್ಲಿ ಕೂರುವುದು ಹೇಗೆಂಬುದು. 1977ರಲ್ಲಿ ಇನ್ನೊಬ್ಬ ಬೈಬಲ್ ವಿದ್ವಾಂಸ ಸ್ಯಾಂಡರ್ಸ್, ಯೆಹೂದ್ಯಧರ್ಮವನ್ನು ಕೃಪೆಯಿಲ್ಲದ ಕರ್ಮಠರ ಮತವೆಂದು ಚಿತ್ರಿಸಿದ್ದು ಸುಳ್ಳೆಂದು ತೋರಿಸಿದರು. ನಮ್ಮ ಪ್ರಸಂಗಗಳಲ್ಲಿ ಯೆಹೂದ್ಯ ಪಂಥದವರಾದ ಫರಿಸಾಯರು ಇಂದಿಗೂ ಆ ಹಳೆಯ ವೇಷದಲ್ಲೇ ಬರುತ್ತಾರೆ. ಇದು ನಾಚಿಕೆಯ ಸಂಗತಿ. 2015ರಲ್ಲಿ ಪೌಲನ ಬಗ್ಗೆ ಬರೆದ ವಿದ್ವಾಂಸ ಬಾರ್ಕ್ಲೆ ಮತ್ತೊಂದು ಗಂಟು ಬಿಡಿಸಿದರು. ಪೌಲನ ಕಾಲದಲ್ಲಿ ಉಡುಗೊರೆಯೆಂದರೆ ಸಂಬಂಧ ಬೆಳೆಸುವ ಕ್ರಿಯೆ, ಅದಕ್ಕೆ ಪ್ರತಿಸ್ಪಂದನ ಬೇಕೇ ಬೇಕು. ದೇವರ ಕೃಪೆ ಪಡೆಯುವವನ ಯೋಗ್ಯತೆ ನೋಡುವುದಿಲ್ಲ. ಆದರೆ ಪಡೆದವನು ಬದಲಾಗಬೇಕೆಂದು ಅಪೇಕ್ಷಿಸುತ್ತದೆ. ಜಕ್ಕಾಯನಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಓದಿಲ್ಲ.

ನೊಂದವರ ಪ್ರಶ್ನೆ ಎದ್ದದ್ದು ಮಾತ್ರ ಯುರೋಪಿನ ವಿಶ್ವವಿದ್ಯಾಲಯಗಳ ಆಚೆ. ನಮ್ಮ ತಲೆಮಾರಿನವರಿಗೆ 1981 ಮರೆಯಲಾಗದ ವರ್ಷ. ಆ ವರ್ಷ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದಲೇ ದಲಿತ ದೈವಶಾಸ್ತ್ರದ ಚರ್ಚೆ ಮೊದಲಾಯಿತೆಂದು ಹೇಳುವ ವಾಡಿಕೆ. ಅದುವರೆಗೆ ಭಾರತೀಯ ಕ್ರೈಸ್ತ ಚಿಂತನೆಯೆಂದರೆ ವೇದಾಂತದ ಜೊತೆಗಿನ ಸಂವಾದ. ಚಿಂತನೆಗೆ ಮುಂಚೆ, ಹೋರಾಟಕ್ಕೂ ಮುಂಚೆ ನೋವು ಇದೆ, ದೇವರ ಅರಿವು ಅಲ್ಲಿಂದಲೇ ಎಂದರು ನಿರ್ಮಲ್. ನೀನು ಪಾಪಿ, ಪಶ್ಚಾತ್ತಾಪಪಡು ಎಂಬ ಮಾತನ್ನು ಜಮೀನ್ದಾರನಿಗೂ ಅವನ ಜೀತದಾಳಿಗೂ ಒಂದೇ ಧ್ವನಿಯಲ್ಲಿ ಹೇಳುವುದು ಆಮೇಲೆ ನಮಗೆ ಸಾಧ್ಯವಾಗಲಿಲ್ಲ. 1993ರಲ್ಲಿ ಕೊರಿಯಾ ಮೂಲದ ದೈವಶಾಸ್ತ್ರಜ್ಞ ಆಂಡ್ರ್ಯೂ ಸಂಗ್ ಪಾರ್ಕ್ ಇದನ್ನೇ ನೇರವಾಗಿ ಕೇಳಿದರು: ಪಾಪ ಮಾಡಿದವನಿಗೆ ವಿಮೋಚನೆಯ ದಾರಿ ತೋರಿಸಿದ ದೈವಶಾಸ್ತ್ರ, ಆ ಪಾಪದ ಗಾಯ ಹೊತ್ತವನಿಗೆ ಏನು ಹೇಳಿದೆ?

ವರ್ಣಭೇದ ನೀತಿ ಕೊನೆಗೊಂಡ ಮೇಲೆ ದಕ್ಷಿಣ ಆಫ್ರಿಕಾ ಈ ಪ್ರಶ್ನೆಗೆ ದೇಶದ ಮಟ್ಟದಲ್ಲಿ ಉತ್ತರ ಹುಡುಕಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಮನ್ವಯ ಆಯೋಗ 21,000ಕ್ಕೂ ಹೆಚ್ಚು ನೊಂದವರ ಹೇಳಿಕೆ ಪಡೆಯಿತು. ಸತ್ಯ ಪೂರ್ತಿ ಹೇಳಿದವನಿಗೆ ಕ್ಷಮಾದಾನ, ಇದು ಒಪ್ಪಂದ. ಆಯೋಗ ನೊಂದವರಿಗೆ ಆರು ವರ್ಷದ ಪರಿಹಾರ ಶಿಫಾರಸು ಮಾಡಿತ್ತು. 2003ರಲ್ಲಿ ಸರ್ಕಾರ ಘೋಷಿಸಿದ್ದು ಒಂದೇ ಬಾರಿಯ 30,000 ರ‍್ಯಾಂಡ್. ಟುಟುವಿನ ಕ್ಷಮೆಯನ್ನು ಕೊಂಡಾಡುವ ನಮ್ಮ ಸಭೆಗಳು ಕಥೆಯ ಈ ಅರ್ಧವನ್ನು ಹೇಳುವುದೇ ಇಲ್ಲ.

ನಮ್ಮಲ್ಲೂ ಹಾಗೆಯೇ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಶನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟರು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು ಎಂಬುದನ್ನು ಎಷ್ಟು ಪ್ರಸಂಗಗಳಲ್ಲಿ ಕೇಳಿದ್ದೇನೋ! ಅವರ ಕ್ಷಮೆ ನ್ಯಾಯಾಲಯದ ಕೆಲಸಕ್ಕೆ ಅಡ್ಡಬರಲಿಲ್ಲ, ಅವರು ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು ಎಂಬುದನ್ನು ಮಾತ್ರ ಯಾರೂ ವಿಸ್ತರಿಸುವುದಿಲ್ಲ. ಅಷ್ಟೇ ಅಲ್ಲ, ಕ್ಷಮಿಸಲಾಗದೆ ಕೂತ ಹೆಣ್ಣುಮಗಳಿಗೆ, ನೋಡಮ್ಮ, ಅವರು ಕ್ಷಮಿಸಲಿಲ್ಲವೇ ಎಂದು ಇದೇ ಉದಾಹರಣೆ ಕೊಟ್ಟು ಹೊಡೆಯುವ ಗಂಡನ ಮನೆಗೆ ವಾಪಸು ಕಳಿಸುತ್ತೇವೆ. ಸುವಾರ್ತೆಯಲ್ಲಿ ಇದಕ್ಕೆ ಆಧಾರವಿಲ್ಲ.

ಕನ್ನಡದಲ್ಲಿ ಈ ಚರ್ಚೆ ಇನ್ನೂ ಬೇರೂರಿಲ್ಲ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ ಕಾಲದ ದಾಖಲೆಗಳ ಸಂಗ್ರಹವಿದೆ. ಮತಾಂತರ ಎಷ್ಟಾಯಿತೆಂದು ಎಣಿಸಲು ಅಂಥ ದಾಖಲೆಗಳನ್ನು ಓದಿದವರಿದ್ದಾರೆ. ಯಾರು ಯಾರಿಗೆ ಅನ್ಯಾಯ ಮಾಡಿದರು, ಕ್ಷಮೆ ಕೇಳಿದವರು ಏನನ್ನು ಹಿಂತಿರುಗಿಸಿದರು ಎಂಬ ಪ್ರಶ್ನೆ ಹಿಡಿದು ಅವನ್ನು ಓದುವ ಎಳೆಯ ಸಂಶೋಧಕರು ಈಗ ಬೇಕು. ಓದಿದ್ದನ್ನು ಅವರು ಕನ್ನಡದಲ್ಲೇ ಬರೆಯಲಿ.