ಕಾಣದ ನೋವಿನ ಚರಿತ್ರೆ: ಫೈಬ್ರೊಮಯಾಲ್ಜಿಯ ಮತ್ತು ಸಮಗ್ರ ಚಿಕಿತ್ಸೆಗಳ ಪರೀಕ್ಷೆ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಇಂದು ಕೈಗಾರಿಕಾ ಪ್ರದೇಶವೆಂದು ಹೆಸರಾಗಿದೆ. ಇಂತಹ ಕಡೆ ದಿನಕ್ಕೆ 8 ಗಂಟೆ ನಿಂತು ದುಡಿಯುವ, ನಲವತ್ತರ ಆಸುಪಾಸಿನ ಮಹಿಳೆಯೊಬ್ಬರನ್ನು ಕಲ್ಪಿಸಿಕೊಳ್ಳಿ. ತಿಂಗಳುಗಳಿಂದ ಕುತ್ತಿಗೆ, ಭುಜ, ಸೊಂಟ, ತೊಡೆ ಎಲ್ಲೆಡೆ ನೋವು. ರಾತ್ರಿಯೆಲ್ಲ ಮಲಗಿದ್ದರೂ ಬೆಳಿಗ್ಗೆ ಏಳುವಾಗ ಆಯಾಸ. ಹೇಳಬೇಕೆಂದಿದ್ದ ಮಾತು ಅರ್ಧಕ್ಕೇ ಮರೆತುಹೋಗುತ್ತದೆ. ರಕ್ತಪರೀಕ್ಷೆ ಸರಿಯಾಗಿದೆ, ಎಕ್ಸ್‌-ರೇ ಕೂಡ ಸರಿಯಾಗಿದೆ. "ಏನೂ ಇಲ್ಲಮ್ಮ, ಎಲ್ಲ ಮನಸ್ಸಿನದು" ಎನ್ನುತ್ತಾರೆ ಒಬ್ಬರು. "ವಾಯು ಹಿಡಿದಿದೆ, ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ಕೊ" ಎನ್ನುತ್ತಾರೆ ಅತ್ತೆ. ನೆರೆಮನೆಯವರು ಯೋಗ ಶಿಬಿರಕ್ಕೆ ಕರೆಯುತ್ತಾರೆ. ಸಂತೆಯಲ್ಲಿ ಇನ್ನೊಬ್ಬರು ನೋವನ್ನು ಬೇರುಸಹಿತ ಕೀಳುವ ಪುಡಿ ಮಾರುತ್ತಾರೆ.

ಈ ನಾಲ್ವರಲ್ಲಿ ಆಕೆ ಯಾರ ಮಾತನ್ನು ಕೇಳಬೇಕು? ಆಕೆಯ ತೊಂದರೆಗೆ ವೈದ್ಯಕೀಯದಲ್ಲಿ ಇಂದು ಫೈಬ್ರೊಮಯಾಲ್ಜಿಯ ಎಂಬ ಹೆಸರಿದೆ. ಆ ಹೆಸರು ರೂಢಿಗೆ ಬಂದು ಅರ್ಧ ಶತಮಾನವಷ್ಟೇ ಆಗಿದೆ. ನೋವಂತೂ ಬಹಳ ಹಳೆಯದು. ಮೇಲಿನ ಪ್ರಶ್ನೆಗೆ ಉತ್ತರ ಈ ನೋವಿನ ಚರಿತ್ರೆಯಲ್ಲಿದೆ.

ಊತವಿಲ್ಲದ ಊತ

19ನೆಯ ಶತಮಾನದ ಆರಂಭದಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ವಿಲಿಯಂ ಬಾಲ್ಫೋರ್ ತನ್ನ ರೋಗಿಗಳ ಸ್ನಾಯುಗಳಲ್ಲಿ ಕೈಗೆ ಸಿಗುವ ಗಂಟುಗಳನ್ನೂ, ಒತ್ತಿದರೆ ನೋಯುವ ಜಾಗಗಳನ್ನೂ ಗುರುತಿಸಿದ. 1816ರಲ್ಲಿ ಆತ ಬರೆದ ಚಿಕಿತ್ಸೆ ನಮಗೆ ಅಪರಿಚಿತವೇನಲ್ಲ: ನೋಯುವ ಭಾಗವನ್ನು ಬಿಗಿಯಾಗಿ ಒತ್ತುವುದು, ತಟ್ಟುವುದು. ಅಂಗಮರ್ದನವು ಪೂರ್ವದೇಶಗಳದಷ್ಟೇ ವಿದ್ಯೆಯಲ್ಲ ಎಂಬುದಕ್ಕೆ ಇದು ಸಾಕ್ಷಿ.

1904ರಲ್ಲಿ ಲಂಡನ್ನಿನ ಪ್ರಸಿದ್ಧ ನರರೋಗ ತಜ್ಞ ವಿಲಿಯಂ ಗೋವರ್ಸ್, ಸೊಂಟನೋವನ್ನು ಕುರಿತ ಉಪನ್ಯಾಸವೊಂದರಲ್ಲಿ ಇದಕ್ಕೆ 'ಫೈಬ್ರೊಸೈಟಿಸ್' ಎಂದು ಹೆಸರಿಟ್ಟ. ಸ್ನಾಯುಗಳ ನಾರುಅಂಗಾಂಶದಲ್ಲಿ ಉರಿಯೂತವಾಗಿದೆ ಎಂಬುದು ಆತನ ಊಹೆ. ಅದೇ ವರ್ಷ ಗ್ಲಾಸ್ಗೋದ ರಾಲ್ಫ್ ಸ್ಟಾಕ್‌ಮನ್ ಅಂತಹ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಉರಿಯೂತದ ಗುರುತು ಕಂಡಿತೆಂದು ವರದಿ ಮಾಡಿದ. ಊಹೆಗೆ ಬಲ ಬಂದಂತಾಯಿತು. ಆದರೆ ಮುಂದೆ ಅನೇಕರು ಹುಡುಕಿದರೂ ಆ ಉರಿಯೂತ ಮತ್ತೆ ಖಚಿತವಾಗಿ ಸಿಗಲಿಲ್ಲ. ಆದರೂ ತಪ್ಪು ಹೆಸರು ಸುಮಾರು 70 ವರ್ಷ ಉಳಿದುಕೊಂಡಿತು. ಹೆಸರು ತಪ್ಪಾದರೆ ಹುಡುಕಾಟವೂ ದಾರಿ ತಪ್ಪುತ್ತದೆ. ಸ್ನಾಯುವಿನಲ್ಲೇ ಕಾರಣ ಹುಡುಕಿದ ವೈದ್ಯರು, ಅಲ್ಲಿ ಏನೂ ಕಾಣದಾಗ ರೋಗಿಯನ್ನೇ ಅನುಮಾನಿಸತೊಡಗಿದರು.

1975ರಲ್ಲಿ ಹೊಸ ಸುಳಿವೊಂದು ಸಿಕ್ಕಿತು. ಕೆನಡಾದ ಹಾರ್ವೆ ಮೋಲ್ಡೋಫ್‌ಸ್ಕಿ ಮತ್ತು ಸಂಗಡಿಗರು ಈ ರೋಗಿಗಳು ನಿದ್ರಿಸುವಾಗ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಗಾಢನಿದ್ರೆಯ ನಿಧಾನ ಅಲೆಗಳ ನಡುವೆ ಎಚ್ಚರಕ್ಕೆ ಸೇರಿದ ಆಲ್ಫಾ ಅಲೆಗಳು ನುಸುಳುತ್ತಿದ್ದವು. ಆರೋಗ್ಯವಂತರ ಗಾಢನಿದ್ರೆಯನ್ನು ಸದ್ದು ಮಾಡಿ ಕೆಡಿಸಿ ನೋಡಿದಾಗ, ಅವರಿಗೂ ಮೈಕೈ ನೋವು ಮತ್ತು ಒತ್ತಿದರೆ ನೋಯುವ ಜಾಗಗಳು ಕಾಣಿಸಿಕೊಂಡವು. ನೋವಿನಿಂದ ನಿದ್ರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಿದ್ರೆ ಕೆಟ್ಟರೂ ನೋವು ಹುಟ್ಟಬಲ್ಲದು ಎಂದು ಈ ಪ್ರಯೋಗ ತೋರಿಸಿತು.

ಮರುವರ್ಷ, ಅಂದರೆ 1976ರಲ್ಲಿ, ಅಮೆರಿಕದ ಫಿಲಿಪ್ ಹೆಂಚ್ 'ಫೈಬ್ರೊಮಯಾಲ್ಜಿಯ' ಎಂಬ ಪದವನ್ನು ಬಳಕೆಗೆ ತಂದರು. ಫೈಬ್ರೊ ಎಂದರೆ ನಾರು, ಮಯೊ ಎಂದರೆ ಸ್ನಾಯು, ಆಲ್ಜಿಯ ಎಂದರೆ ನೋವು. ಉರಿಯೂತವನ್ನು ಸೂಚಿಸುತ್ತಿದ್ದ ಪ್ರತ್ಯಯ ಬಿದ್ದುಹೋಯಿತು. 1981ರಲ್ಲಿ ಮುಹಮ್ಮದ್ ಯೂನುಸ್ ಮತ್ತು ಸಂಗಡಿಗರು ರೋಗಿಗಳನ್ನು ಆರೋಗ್ಯವಂತರ ಗುಂಪಿನೊಡನೆ ಹೋಲಿಸಿ ಲಕ್ಷಣಗಳನ್ನು ಕ್ರಮಬದ್ಧವಾಗಿ ಗುರುತಿಸಿದರು.

ಹೆಬ್ಬೆರಳಿನ ಅಳತೆ

1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘವು ಗುರುತಿಸುವ ನಿಯಮವನ್ನು ರೂಪಿಸಿತು. ದೇಹದ ಎಲ್ಲ ಭಾಗಗಳಲ್ಲಿ ಕನಿಷ್ಠ 3 ತಿಂಗಳ ನೋವಿರಬೇಕು. ಗೊತ್ತುಪಡಿಸಿದ 18 ಬಿಂದುಗಳನ್ನು ಸುಮಾರು 4 ಕಿಲೋಗ್ರಾಮ್ ಬಲದಿಂದ ಒತ್ತಿದಾಗ 11 ಬಿಂದುಗಳಾದರೂ ನೋಯಬೇಕು. ವೈದ್ಯರ ಹೆಬ್ಬೆರಳಿನ ಉಗುರು ಬಿಳುಚುವಷ್ಟು ಒತ್ತಡವೇ ಸುಮಾರಾಗಿ ಈ 4 ಕಿಲೋ.

ಈ ಅಳತೆಯಲ್ಲಿ ರೋಗಿಗಳ ಪೈಕಿ ಹೆಂಗಸರೇ ಬಹುಪಾಲು ಎಂದು ಕಂಡಿತು. ಒತ್ತಡದ ನೋವನ್ನು ಹೆಂಗಸರು ಸರಾಸರಿಯಲ್ಲಿ ಬೇಗ ಗ್ರಹಿಸುವುದರಿಂದ, ಅಳತೆಗೋಲೇ ಲೆಕ್ಕವನ್ನು ಒಂದು ಕಡೆಗೆ ವಾಲಿಸಿತ್ತು. 2010ರ ಹೊಸ ನಿಯಮ ಬಿಂದುಗಳ ಎಣಿಕೆಯನ್ನು ಕೈಬಿಟ್ಟು ನೋವಿನ ಹರವು, ಆಯಾಸ, ನಿದ್ರೆ, ನೆನಪಿನ ತೊಂದರೆಗಳಿಗೆ ಅಂಕ ಕೊಟ್ಟಿತು. ಈ ನಿಯಮದಿಂದ ಗಂಡಸರಲ್ಲೂ ರೋಗ ಹೆಚ್ಚಾಗಿ ಗುರುತಾಗತೊಡಗಿತು.

ಧ್ವನಿವರ್ಧಕ ಎಲ್ಲಿದೆ?

ಹಾಗಾದರೆ ನೋವು ಬರುವುದೆಲ್ಲಿಂದ? 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತ ಇಲ್ಲಿ ನೆರವಾಗುತ್ತದೆ. ನೋವಿನ ಸಂಕೇತಗಳು ಮಿದುಳುಬಳ್ಳಿಯಲ್ಲಿ ಒಂದು ಬಾಗಿಲನ್ನು ದಾಟಿ ಹೋಗಬೇಕು. ಸ್ಪರ್ಶದ ಸಂಕೇತಗಳೂ ಮಿದುಳಿನಿಂದ ಇಳಿದುಬರುವ ಆದೇಶಗಳೂ ಆ ಬಾಗಿಲನ್ನು ಕಿರಿದು ಮಾಡಬಲ್ಲವು. ಏಟು ಬಿದ್ದ ಜಾಗವನ್ನು ಉಜ್ಜಿಕೊಂಡರೆ ಹಾಯೆನಿಸುವುದಕ್ಕೆ ಈ ಸಿದ್ಧಾಂತ ವಿವರಣೆ ಕೊಟ್ಟಿತು. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಇಲಿಗಳಲ್ಲಿ ನಡೆಸಿದ ಪ್ರಯೋಗ, ಗಾಯದ ನಂತರ ಮಿದುಳುಬಳ್ಳಿಯ ನರಕೋಶಗಳೇ ಅತಿಸೂಕ್ಷ್ಮವಾಗುತ್ತವೆ ಎಂದು ತೋರಿಸಿತು.

2002ರಲ್ಲಿ ರಿಚರ್ಡ್ ಗ್ರೇಸ್ಲಿ ಮತ್ತು ಸಂಗಡಿಗರು 16 ಮಂದಿ ಫೈಬ್ರೊಮಯಾಲ್ಜಿಯ ರೋಗಿಗಳ ಮತ್ತು 16 ಮಂದಿ ಆರೋಗ್ಯವಂತರ ಹೆಬ್ಬೆರಳ ಉಗುರನ್ನು ಒತ್ತುತ್ತ, ಅವರ ಮಿದುಳಿನ ಚಟುವಟಿಕೆಯನ್ನು ಎಂಆರ್‌ಐ ಯಂತ್ರದಿಂದ ಗಮನಿಸಿದರು. ಒತ್ತಡ ಒಂದೇ ಆದರೂ ರೋಗಿಗಳ ಮಿದುಳಿನಲ್ಲಿ ನೋವಿಗೆ ಸಂಬಂಧಿಸಿದ ಹೆಚ್ಚು ಭಾಗಗಳು ಚುರುಕಾದವು. ಜಾತ್ರೆಯಲ್ಲಿ ಹಾಡುವವರು ಮೆಲ್ಲನೆ ಹಾಡಿದರೂ ಧ್ವನಿವರ್ಧಕವನ್ನು ಏರಿಸಿಟ್ಟರೆ ಊರಿಗೆಲ್ಲ ಕೇಳುತ್ತದೆ. ಇಲ್ಲಿ ಏರಿರುವುದು ನರವ್ಯೂಹದ ಧ್ವನಿವರ್ಧಕ. "ಎಲ್ಲ ಮನಸ್ಸಿನದು" ಎಂಬ ಮಾತು ಇಲ್ಲಿಗೆ ಬಿದ್ದುಹೋಯಿತು.

ಕಥೆ ಮುಗಿದಿಲ್ಲ. 2021ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತಿತರ ಸಂಸ್ಥೆಗಳ ವಿಜ್ಞಾನಿಗಳು ರೋಗಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ, ಒತ್ತಡ ಮತ್ತು ಚಳಿಗೆ ಅವುಗಳ ಸಂವೇದನೆ ಹೆಚ್ಚಿತು. ರೋಗರಕ್ಷಣಾ ವ್ಯವಸ್ಥೆಗೂ ಇಲ್ಲಿ ಪಾತ್ರವಿರಬಹುದು.

ಔಷಧಗಳ ಕಥೆ ಚಿಕ್ಕದು. ಅಮೆರಿಕದ ಔಷಧ ಆಡಳಿತ 2007ರಲ್ಲಿ ಪ್ರಿಗ್ಯಾಬಲಿನ್, 2008ರಲ್ಲಿ ಡ್ಯುಲಾಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್ ಔಷಧಗಳಿಗೆ ಈ ರೋಗಕ್ಕೆಂದು ಒಪ್ಪಿಗೆ ನೀಡಿತು. ಅದೇ ಔಷಧಗಳಿಗೆ ಯೂರೋಪಿನ ಆಡಳಿತ ಈ ಬಳಕೆಗಾಗಿ ಒಪ್ಪಿಗೆ ನಿರಾಕರಿಸಿತು. ಕೆಲವರಿಗೆ ಇವುಗಳಿಂದ ಉಪಯೋಗವಿದೆ, ಎಲ್ಲರಿಗಿಲ್ಲ. ರೋಗಿಗಳು ಬೇರೆ ದಾರಿಗಳನ್ನು ಹುಡುಕುವುದು ಇದರಿಂದಲೇ.

ವಾತದಿಂದ ಯೋಗಶಾಲೆಗೆ

ನಮ್ಮಲ್ಲಿ ಈ ಹುಡುಕಾಟಕ್ಕೆ ಹಳೆಯ ಭಾಷೆಯೊಂದು ಸಿದ್ಧವಾಗಿತ್ತು. ಅತ್ತೆ ಹೇಳಿದ 'ವಾಯು' ಆಯುರ್ವೇದದ ವಾತವೇ. ಚರಕಸಂಹಿತೆಯು ವಾತಕ್ಕೆ ಸೇರಿದ 80 ತೊಂದರೆಗಳನ್ನು ಪಟ್ಟಿ ಮಾಡುತ್ತದೆ. ಅದರ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯ ವಾತವ್ಯಾಧಿಗಳಿಗೇ ಮೀಸಲು. ಎಣ್ಣೆ ಮತ್ತು ಶಾಖ ಅಲ್ಲಿನ ಮುಖ್ಯ ಉಪಚಾರಗಳು. ಹಾಗೆಂದು ಫೈಬ್ರೊಮಯಾಲ್ಜಿಯವನ್ನು ಚರಕನೇ ಕಂಡಿದ್ದನೆಂದು ಹೇಳಲಾಗದು. ಆ ವರ್ಗೀಕರಣದ ಆಧಾರವೇ ಬೇರೆ. ನೋವು, ನಿದ್ರೆ, ಆಹಾರ, ದುಡಿಮೆಗಳನ್ನು ಒಟ್ಟಿಗೆ ನೋಡುವ ಕ್ರಮ ಅಲ್ಲಿತ್ತು ಎನ್ನುವುದಷ್ಟೇ ಸರಿ.

ಯೋಗಾಸನಗಳ ಆಧುನಿಕ ಚರಿತ್ರೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಚಿತ್ರದುರ್ಗ ಸೀಮೆಯ ಟಿ. ಕೃಷ್ಣಮಾಚಾರ್ಯರು ಅಲ್ಲಿ ಗುರುಗಳು. 1934ರಲ್ಲಿ ಅವರ ಬಳಿಗೆ ಬಂದ ಹುಡುಗರಲ್ಲಿ ಅವರ ಪತ್ನಿಯ ತಮ್ಮನೂ ಒಬ್ಬ. ಹೊಸಕೋಟೆಯಿಂದ ಕೋಲಾರದ ದಿಕ್ಕಿಗೆ ಸಾಗಿದರೆ ನರಸಾಪುರದ ಬಳಿ ಸಿಗುವ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯವೆಲ್ಲ ಕಾಯಿಲೆಯಲ್ಲಿ ಕಳೆದ ಆ ಹುಡುಗನೇ ಮುಂದೆ ಲೋಕಪ್ರಸಿದ್ಧರಾದ ಬಿ.ಕೆ.ಎಸ್. ಅಯ್ಯಂಗಾರ್.

ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದದ್ದು ಹರೆಯದ ಹುಡುಗರಿಗೆ ತಕ್ಕ ಬಿರುಸಿನ ಅಭ್ಯಾಸ. ಮೈಯೆಲ್ಲ ನೋಯುವವರಿಗೆ ಅದು ಆಗದು. 1937ರಲ್ಲಿ ಪುಣೆಗೆ ಹೋದ ಅಯ್ಯಂಗಾರ್ ಅವರು ಕ್ರಮೇಣ ಕುರ್ಚಿ, ಮರದ ಇಟ್ಟಿಗೆ, ಪಟ್ಟಿ, ದಿಂಬುಗಳ ಆಸರೆಯಿಂದ ಆಸನ ಮಾಡಿಸುವ ಕ್ರಮವನ್ನು ಬೆಳೆಸಿದರು. ದುರ್ಬಲ ದೇಹವೂ ಆಯಾಸವಿಲ್ಲದೆ ಒಂದು ಭಂಗಿಯಲ್ಲಿ ಇರುವುದು ಇದರಿಂದ ಸಾಧ್ಯವಾಯಿತು. ಆಸನಕ್ಕೆ ದೇಹವನ್ನು ಬಗ್ಗಿಸುವ ಬದಲು ದೇಹಕ್ಕೆ ತಕ್ಕಂತೆ ಆಸನವನ್ನು ಹೊಂದಿಸಿದ ಈ ಬದಲಾವಣೆ, ನೋವಿನ ಚಿಕಿತ್ಸೆಯ ದೃಷ್ಟಿಯಿಂದ ಬಹಳ ಮುಖ್ಯ.

ತಕ್ಕಡಿಗೆ ಬಂದ ಯೋಗ

ಆದರೆ "ನನಗೆ ಗುಣವಾಯಿತು" ಎಂಬ ಮಾತು ಪುರಾವೆಯಾದೀತೆ? ನೋವು ಅಲೆಯಂತೆ ಏರಿ ಇಳಿಯುತ್ತದೆ. ತೀರಾ ಏರಿದಾಗಲೇ ಜನ ಶಿಬಿರಕ್ಕೆ ಸೇರುತ್ತಾರೆ; ಆಮೇಲೆ ಅದು ತಾನಾಗಿಯೇ ಇಳಿದರೂ ಶಿಬಿರಕ್ಕೆ ಹೆಸರು ಬರುತ್ತದೆ. ನಿರೀಕ್ಷೆ, ಗುರುವಿನ ಆರೈಕೆ, ಜೊತೆಗಾರರ ಒಡನಾಟಗಳೂ ನೋವನ್ನು ತಗ್ಗಿಸಬಲ್ಲವು. ಇವುಗಳಿಂದ ಚಿಕಿತ್ಸೆಯ ಪರಿಣಾಮವನ್ನು ಬೇರ್ಪಡಿಸಲು ಹೋಲಿಕೆಯ ಗುಂಪು ಬೇಕೇ ಬೇಕು.

ಈ ಕೆಲಸಕ್ಕೆ ಬೆಂಗಳೂರಿನವರು ಮೊದಲೇ ಕೈಹಾಕಿದ್ದರು. ಡಾ. ಆರ್. ನಾಗರತ್ನ ಮತ್ತು ಎಂಜಿನಿಯರ್ ಆಗಿದ್ದ ಡಾ. ಎಚ್.ಆರ್. ನಾಗೇಂದ್ರ ಅವರು 53 ಆಸ್ತಮಾ ರೋಗಿಗಳಿಗೆ ಯೋಗ ಕಲಿಸಿ, ಅವರನ್ನು ಹೋಲುವ ಇತರ 53 ರೋಗಿಗಳೊಡನೆ ಹೋಲಿಸಿದ ಅಧ್ಯಯನ 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆನೇಕಲ್ ತಾಲ್ಲೂಕಿನ ಜಿಗಣಿ ಬಳಿ ಅವರು ಬೆಳೆಸಿದ ಸಂಸ್ಥೆಯಲ್ಲಿ, ದೀರ್ಘಕಾಲದ ಸೊಂಟನೋವಿರುವ 80 ಮಂದಿಯ ಮೇಲೆ ಪದ್ಮಿನಿ ತೇಕೂರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಒಂದು ವಾರ ಯೋಗ ಮಾಡಿದವರಲ್ಲಿ, ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ದಿನನಿತ್ಯದ ಕೆಲಸಕ್ಕೆ ನೋವಿನಿಂದ ಆಗುವ ಅಡ್ಡಿ ಹೆಚ್ಚು ಕಡಿಮೆಯಾಯಿತು. ಆದರೆ ಇವು ಚಿಕ್ಕ ಪ್ರಯೋಗಗಳು. ಯಾವುದೂ ಫೈಬ್ರೊಮಯಾಲ್ಜಿಯಕ್ಕೆ ಸಂಬಂಧಿಸಿದ್ದಲ್ಲ.

ಆ ರೋಗಕ್ಕೇ ಸಂಬಂಧಿಸಿದ ಪರೀಕ್ಷೆಗಳು ಹೊರದೇಶಗಳಲ್ಲಿ ನಡೆದವು. 2010ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೇಮ್ಸ್ ಕಾರ್ಸನ್ ಮತ್ತು ಸಂಗಡಿಗರು 53 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 8 ವಾರ ಮೃದುವಾದ ಆಸನ, ಉಸಿರಾಟ, ಧ್ಯಾನ, ಸಮಾಲೋಚನೆ. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ಮೊದಲ ಗುಂಪಿನಲ್ಲಿ ನೋವು ಮತ್ತು ಆಯಾಸ ಕಡಿಮೆಯಾದವು. ಅದೇ ವರ್ಷ ಬಾಸ್ಟನ್ನಿನಲ್ಲಿ 66 ರೋಗಿಗಳ ಪೈಕಿ ಚೀನಾದ ತಾಯ್‌ಚೀ ಅಭ್ಯಾಸ ಮಾಡಿದವರಿಗೆ 12 ವಾರಗಳಲ್ಲಿ ಹೆಚ್ಚು ಗುಣ ಕಂಡಿತು. 2018ರಲ್ಲಿ 226 ಮಂದಿಯ ಅಧ್ಯಯನವೊಂದರಲ್ಲಿ ತಾಯ್‌ಚೀ, ಏರೋಬಿಕ್ ವ್ಯಾಯಾಮಕ್ಕೆ ಸಮ ಅಥವಾ ತುಸು ಮೇಲೆಂದು ಕಂಡಿತು.

ತಕ್ಕಡಿ ಎಲ್ಲವನ್ನೂ ಮೆಚ್ಚಲಿಲ್ಲ. 2005ರಲ್ಲಿ 100 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ನಿಜವಾದ ಅಕ್ಯುಪಂಕ್ಚರ್‌ಗೂ ಹುಸಿ ಅಕ್ಯುಪಂಕ್ಚರ್‌ಗೂ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ಪ್ರಯೋಗಗಳು ಸಣ್ಣ ಪ್ರಯೋಜನ ತೋರಿಸಿವೆ. 2017ರಲ್ಲಿ ಪ್ರಕಟವಾದ ಯೂರೋಪಿನ ಸಂಧಿವಾತ ತಜ್ಞರ ಮಾರ್ಗಸೂಚಿ ಬಲವಾಗಿ ಶಿಫಾರಸು ಮಾಡಿದ್ದು ಒಂದನ್ನೇ: ವ್ಯಾಯಾಮ. ಯೋಗ, ತಾಯ್‌ಚೀ, ಬಿಸಿನೀರ ಉಪಚಾರ, ಅಕ್ಯುಪಂಕ್ಚರ್, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆಗಳಿಗೆ ದುರ್ಬಲ ಶಿಫಾರಸು ಸಿಕ್ಕಿತು. ಅಂಗಮರ್ದನಕ್ಕೆ ಅದೂ ಸಿಗಲಿಲ್ಲ. ಯೋಗದ ಪರೀಕ್ಷೆಗೆ ಒಂದು ಮಿತಿಯೂ ಇದೆ. ಗುಳಿಗೆಗೆ ಬದಲಾಗಿ ಸಕ್ಕರೆಗುಳಿಗೆ ಕೊಡಬಹುದು. ತಾನು ಯೋಗ ಮಾಡುತ್ತಿದ್ದೇನೆಂದು ರೋಗಿಗೆ ತಿಳಿಯದಂತೆ ಮಾಡುವುದು ಹೇಗೆ? ಇಂತಹ ಪ್ರಯೋಗವನ್ನು ಯೋಜಿಸುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು.

ನಾಲ್ಕು ಮಾತುಗಳ ಬೆಲೆ

ಈಗ ಆ ಮಹಿಳೆಯ ಬಳಿಗೆ ಮರಳೋಣ. ಮೊದಲು ರಕ್ತಹೀನತೆ, ಥೈರಾಯ್ಡ್ ತೊಂದರೆ, ಡಿ ಜೀವಸತ್ವದ ಕೊರತೆ, ಸಂಧಿವಾತಗಳು ಇಲ್ಲವೆಂದು ವೈದ್ಯರು ಖಚಿತಪಡಿಸಬೇಕು. ಇವೂ ಮೈಯೆಲ್ಲ ನೋಯಿಸಬಲ್ಲವು. ಇವಕ್ಕೆ ನೇರ ಚಿಕಿತ್ಸೆಯಿದೆ.

ಆ ನಂತರ "ಏನೂ ಇಲ್ಲ" ಎಂದವರ ಮಾತನ್ನು ಆಕೆ ನಂಬಬೇಕಿಲ್ಲ. ಅತ್ತೆಯ ಬಿಸಿನೀರಿನಿಂದ ಹಾಯೆನಿಸುತ್ತದೆ. ತಾತ್ಕಾಲಿಕ ಉಪಶಮನವೆಂದು ತಿಳಿದು ಬಳಸಿದರೆ ತಪ್ಪಿಲ್ಲ. ನೆರೆಮನೆಯವರ ಕರೆಗೆ ಓಗೊಡಬಹುದು, ಆದರೆ ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು. ಮೊದಲ ದಿನವೇ ಮೈ ದಂಡಿಸಿದರೆ ನೋವು ಕೆರಳಿ ಆಕೆ ಅಭ್ಯಾಸವನ್ನೇ ಬಿಡುವ ಸಂಭವವಿದೆ. ಸಂತೆಯ ಪುಡಿಯಿಂದ ದೂರವಿರಬೇಕು. 2008ರಲ್ಲಿ ಅಮೆರಿಕದ ಸಂಶೋಧಕರು ಅಂತರಜಾಲದ ಮೂಲಕ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಸುಮಾರು ಐದರಲ್ಲೊಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಬೇರುಸಹಿತ ಕೀಳುವ ಮದ್ದು ಈ ರೋಗಕ್ಕೆ ಇನ್ನೂ ಸಿಕ್ಕಿಲ್ಲ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಸಮಗ್ರ ಚಿಕಿತ್ಸೆ ಎನ್ನುವಾಗ ದುಡಿಯುವ ಜಾಗವನ್ನು ಬಿಡಲಾಗದು. ಒಳ್ಳೆಯ ನಿದ್ರೆ, ಹಿತಮಿತವಾದ ಚಲನೆ, ಕೆಲಸದ ನಡುವೆ ಬಿಡುವು ಇವು ಆಕೆಯೊಬ್ಬಳ ಕೈಯಲ್ಲಿಲ್ಲ. ಪಾಳಿಯ ವೇಳೆ, ಕೂರಲು ಒಂದು ಕುರ್ಚಿ, ಮನೆಗೆಲಸದಲ್ಲಿ ಪಾಲು, ಇವನ್ನು ಬೇರೆಯವರು ಕೊಡಬೇಕು. ಅದಕ್ಕೂ ಮೊದಲು, ಆಕೆ ನೋವೆಂದಾಗ ನಂಬಬೇಕು. ಈ ನೋವು ನಿಜವೆಂದು ಒಪ್ಪಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು. ಮನೆಯವರಿಗೂ ಮಾಲೀಕರಿಗೂ ಅಷ್ಟು ಕಾಲ ಬೇಕಿಲ್ಲ.