ಅಂಕಿತದಿಂದ ಲಾಂಛನಕ್ಕೆ: ಬೆಳಗಾವಿ–ಖಾನಾಪುರ ಪರಿಸರದಲ್ಲಿ ಹಾಡಿನ ಹಣ ಮತ್ತು ಹಂಚಿಕೆ

ಜನಪದ ಹಾಡುಗಳ ಅಧ್ಯಯನದಲ್ಲಿ ಸಾಹಿತ್ಯ, ಮಟ್ಟು, ವಾದ್ಯ ಹಾಗೂ ಪ್ರದರ್ಶನ ಸಂದರ್ಭಗಳಿಗೆ ದೊರೆತಷ್ಟು ಗಮನ ಹಣಕಾಸಿಗೆ ದೊರೆತಿಲ್ಲ. ಹಾಡಿಗೆ ಹಣ ಕೊಟ್ಟವರು ಯಾರು, ಅದನ್ನು ಊರಿಂದೂರಿಗೆ ಒಯ್ದವರು ಯಾರು, ಕೊನೆಗೆ ಹಾಡಿನೊಡನೆ ಉಳಿದ ಹೆಸರು ಯಾರದು ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಯೂಟ್ಯೂಬಿನಲ್ಲಿ ಪ್ರಸಾರವಾಗುವ ಉತ್ತರ ಕರ್ನಾಟಕದ ‘ಜಾನಪದ’ ವಿಡಿಯೊ ಹಾಡುಗಳನ್ನು ತೀರ ಹೊಸ ವಿದ್ಯಮಾನವೆಂದು ಭಾವಿಸುವುದುಂಟು. ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನ ಪರಿಸರದಲ್ಲಿಟ್ಟು ನೋಡಿದಾಗ ಅವು ದೀರ್ಘ ಪರಂಪರೆಯೊಂದರ ಇತ್ತೀಚಿನ ಘಟ್ಟವೆಂಬುದು ಸ್ಪಷ್ಟವಾಗುತ್ತದೆ.

ಮೇಳದ ಕಾಲ

1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಆತನ ಕಥೆ ಲಾವಣಿಯಾಗಿ ನಾಡಿನಲ್ಲಿ ಹರಡಿತು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ಲಾವಣಿಯೂ ಸೇರಿದೆ. ಮುದ್ರಣಕ್ಕೆ ಬರುವ ಮೊದಲು ಇಂತಹ ಹಾಡುಗಳನ್ನು ಹಂಚಿದವರು ತಿರುಗಾಡುವ ಹಾಡುಗಾರರು.

ಗೀಗೀ ಮೇಳದ ಆರ್ಥಿಕತೆ ಸರಳವಾದುದು. ಜಾತ್ರೆಗೆ ಊರವರು ಪಟ್ಟಿ ಎತ್ತುತ್ತಾರೆ. ಹಿರಿಯರು ಮೇಳಕ್ಕೆ ವೀಳ್ಯ ಕೊಟ್ಟು ಕರೆಸುತ್ತಾರೆ. ಹಾಡಿಕೆಯ ನಡುವೆ ಮೆಚ್ಚಿದವರು ಆಯೇರಿ ಮಾಡಿದರೆ ಅವರ ಹೆಸರನ್ನು ಸಭೆಯಲ್ಲಿ ಕೂಗಿ ಹೇಳಲಾಗುತ್ತದೆ. ಹೀಗೆ ಹಣ ಕೊಟ್ಟವನ ಹೆಸರು ಆ ರಾತ್ರಿಗೆ ಸಲ್ಲುತ್ತದೆ. ಪದ ಕಟ್ಟಿದವನ ಹೆಸರಾದರೋ ಹಾಡಿನೊಳಗೇ ಇರುತ್ತದೆ. ಕೊನೆಯ ನುಡಿಯಲ್ಲಿ ಕವಿ ತನ್ನ ಊರು, ದೈವ, ಗುರು ಮತ್ತು ಹೆಸರನ್ನು ಅಂಕಿತವಾಗಿ ಇಡುತ್ತಾನೆ. ಶಿಷ್ಯ ಹಾಡಿದರೂ, ಪರವೂರಿನ ಮೇಳ ಹಾಡಿದರೂ ಅಂಕಿತವನ್ನು ಬಿಡುವಂತಿಲ್ಲ. ಬರವಣಿಗೆಯ ಹಂಗಿಲ್ಲದೆ ಕರ್ತೃತ್ವವನ್ನು ಕಾಪಾಡಿದ ವ್ಯವಸ್ಥೆ ಇದು.

ಗ್ರಾಮಫೋನ್ ಮತ್ತು ಬಾನುಲಿ

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳಿಂದ ಭಾರತದಲ್ಲಿ ಧ್ವನಿಮುದ್ರಣ ವ್ಯಾಪಾರ ಬಲಗೊಂಡಿತು. ಹಾಡಿನ ಅಂತ್ಯದಲ್ಲಿ ಆಕೆ ತನ್ನ ಹೆಸರನ್ನು ಹೇಳಿಕೊಳ್ಳುತ್ತಿದ್ದುದು ಪ್ರಸಿದ್ಧ. ಅಂಕಿತದ ಸ್ಥಾನಕ್ಕೆ ಗಾಯಕಿಯ ಹೆಸರು ಬಂದುದರ ಕುರುಹಾಗಿ ಇದನ್ನು ಗ್ರಹಿಸಬಹುದು. ಹಣ ಹೂಡಿದ ಕಂಪನಿ ಹೆಸರನ್ನೂ ಬದಲಿಸಬಲ್ಲುದಾಗಿತ್ತು. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷದ ಮಿತಿಯಿತ್ತು. ರಾತ್ರಿಯಿಡೀ ನಡೆಯುವ ಹಾಡಿಕೆ ಅದರಲ್ಲಿ ಹಿಡಿಯುವಂತಿರಲಿಲ್ಲ.

1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯು ಸರಕಾರದ ಹಣದಿಂದ ನಡೆದ ಮಾಧ್ಯಮ. ಬೆಳಗಾವಿ ಜಿಲ್ಲೆಯ ಮುರಗೋಡದ ಹುಕ್ಕೇರಿ ಬಾಳಪ್ಪನವರಂತಹ ಗಾಯಕರು ಅದರ ಮೂಲಕ ಮನೆಮಾತಾದರು. ಇಲ್ಲಿ ಹಾಡುಗಾರನಿಗೆ ಸಂಭಾವನೆ ಸಲ್ಲುತ್ತಿತ್ತು. ಶ್ರೋತೃವಿನ ನೇರ ಆಯೇರಿಗೆ ಮಾತ್ರ ಅವಕಾಶವಿರಲಿಲ್ಲ.

ಧ್ವನಿಸುರುಳಿ

ಕ್ಯಾಸೆಟ್ಟಿನ ಆಗಮನದಿಂದ ಮುದ್ರಣದ ವೆಚ್ಚ ಇಳಿಯಿತು. ಸಣ್ಣ ಬಂಡವಾಳದವರೂ ಹಾಡು ಹೊರತರುವುದು ಸಾಧ್ಯವಾಯಿತು. ಜಾತ್ರೆಯ ಅಂಗಡಿ ಮತ್ತು ಬಸ್ ನಿಲ್ದಾಣಗಳು ಮಾರಾಟದ ತಾಣಗಳಾದವು. ಆದರೆ ಕ್ಯಾಸೆಟ್ಟು ಒಂದು ತಾರತಮ್ಯವನ್ನೂ ತಂದಿತು. 1978ರ ‘ನಿತ್ಯೋತ್ಸವ’ದಿಂದ ಮೊದಲ್ಗೊಂಡು ಭಾವಗೀತೆಯ ಧ್ವನಿಸುರುಳಿಗಳಲ್ಲಿ ಕವಿಯ ಹೆಸರಿಗೆ ಗೌರವದ ಸ್ಥಾನವಿತ್ತು. ಜನಪದ ಹಾಡುಗಳ ಹೊದಿಕೆಯ ಮೇಲಾದರೋ ‘ಸಾಹಿತ್ಯ: ಜನಪದ’ ಎಂದಷ್ಟೇ ಬರೆಯುವುದು ರೂಢಿಯಾಯಿತು. ಅಂಕಿತವಿದ್ದ ಪದವೂ ಈ ಎರಡು ಶಬ್ದಗಳಡಿಯಲ್ಲಿ ಅನಾಮಿಕವಾಗುವುದು ಸುಲಭವಾಯಿತು.

ವಿಡಿಯೊ ಹಾಡು

ಕ್ಯಾಸೆಟ್ಟಿನ ತರುವಾಯ ಸಿ.ಡಿ.ಯೂ, ಮೊಬೈಲ್ ಅಂಗಡಿಯಲ್ಲಿ ಹಾಡು ತುಂಬಿಸಿಕೊಳ್ಳುವ ಮೆಮರಿ ಕಾರ್ಡೂ ಬಂದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸೇವೆ ಆರಂಭವಾಗಿ ಅಂತರಜಾಲದ ದರ ಕುಸಿದ ಮೇಲೆ ಹಳ್ಳಿಯ ಕೇಳುಗ ನೇರವಾಗಿ ಯೂಟ್ಯೂಬಿನ ನೋಡುಗನಾದ. ವಿಡಿಯೊ ಹಾಡಿನ ಖರ್ಚೆಂದರೆ ಸ್ಟುಡಿಯೊ, ಗಾಯಕರು, ನಟನಟಿಯರು, ಕ್ಯಾಮೆರಾ ಹಾಗೂ ಸಂಕಲನ. ಅದನ್ನು ಚಾನೆಲ್ಲಿನ ಒಡೆಯನೋ ಹಾಡಿನ ಹವ್ಯಾಸವುಳ್ಳ ನಿರ್ಮಾಪಕನೋ ಭರಿಸುತ್ತಾನೆ. ಪ್ರಚಾರಕ್ಕೆ ಕಿರು ತುಣುಕುಗಳು, ಜಾತ್ರೆಯ ರಸಮಂಜರಿ, ಟ್ರ್ಯಾಕ್ಟರಿನ ಧ್ವನಿವರ್ಧಕಗಳು ನೆರವಾಗುತ್ತವೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಪ್ರಚಾರದ ಒಂದು ದಾರಿ ಒಮ್ಮೆಲೇ ಮುಚ್ಚಿತು. ರೀಲ್ಸ್ ಮತ್ತು ಶಾರ್ಟ್ಸ್ ಅದರ ಸ್ಥಾನಕ್ಕೆ ಬಂದವು.

ಆದಾಯದ ಷರತ್ತುಗಳು ಬೇರೆಡೆ ನಿರ್ಧಾರವಾಗುತ್ತವೆ. 2018ರಲ್ಲಿ ಯೂಟ್ಯೂಬ್ ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರು ಹಾಗೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕೆಂದು ವಿಧಿಸಿತು. ಈ ಹೊಸ್ತಿಲನ್ನು ದಾಟಲು ದೊಡ್ಡ ಪ್ರೇಕ್ಷಕವರ್ಗ ಬೇಕು. ಖಾನಾಪುರದ ಕಾಡಂಚಿನ ಕುಣಬಿ, ಗೌಳಿ ಸಮುದಾಯಗಳ ಹಾಡುಗಳಿಗೆ, ಕನ್ನಡ–ಮರಾಠಿ ಬೆರೆತ ಗಡಿಯ ನುಡಿಗೆ ಅಷ್ಟು ದೊಡ್ಡ ಪೇಟೆ ಇಲ್ಲ. ಪ್ರೇಮ ಮತ್ತು ಹಾಸ್ಯದ ಹೊಸ ಹಾಡುಗಳಿಗೆ ಅದು ಇದೆ. ಹಿಂದೆ ಊರಿನ ಪಟ್ಟಿ ಊರಿನ ಹಾಡನ್ನೇ ಸಾಕುತ್ತಿತ್ತು; ನೋಟದ ಲೆಕ್ಕ ಹಾಗೆ ಸಾಕುವುದಿಲ್ಲ.

ಹೆಸರಿನ ಪ್ರಶ್ನೆ

ನಾಲ್ಕೈದು ನಿಮಿಷದ ವಿಡಿಯೊಗೆ ಹಳೆಯ ಪದವನ್ನು ಒಗ್ಗಿಸುವಾಗ ಕೊನೆಯ ನುಡಿಯೇ ಕತ್ತರಿಗೆ ಸಿಗುವ ಅಪಾಯ ಹೆಚ್ಚು. ಅಂಕಿತ ಹೋದಲ್ಲಿ ಪರದೆಯ ಮೂಲೆಯಲ್ಲಿ ಚಾನೆಲ್ಲಿನ ಲಾಂಛನ ಮಾತ್ರ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯು ಇಂದಿನ ರೂಪದಲ್ಲಿ ಕವಿಯ ಹಕ್ಕನ್ನು ಆತನ ಮರಣದ ನಂತರ 60 ವರ್ಷ ರಕ್ಷಿಸುತ್ತದೆ. 2012ರ ತಿದ್ದುಪಡಿ ಗೀತರಚನಕಾರರ ರಾಯಧನದ ಹಕ್ಕನ್ನು ಬಲಪಡಿಸಿದೆ. ಆದರೆ ಹೆಸರೇ ಅಳಿದವನು ಯಾವ ಹಕ್ಕನ್ನು ಕೇಳಬಲ್ಲ? ಧ್ವನಿಮುದ್ರಿಕೆಯ ಹಕ್ಕು ಮಾತ್ರ ಅದರ ನಿರ್ಮಾಪಕನಿಗೆ ನಿಶ್ಚಿತವಾಗಿ ಸಲ್ಲುತ್ತದೆ.

ವಿಡಿಯೊ ಮಾಧ್ಯಮವನ್ನು ದೂಷಿಸುವುದರಿಂದ ಪ್ರಯೋಜನವಿಲ್ಲ. ಆಸರೆ ಕಳೆದುಕೊಂಡ ಅನೇಕ ಕಲಾವಿದರಿಗೆ ಅದು ದಾರಿಯಾಗಿದೆ. ಅಗತ್ಯವಿರುವುದು ಎರಡು ಕೆಲಸ. ವಿಡಿಯೊ ಹಾಡುಗಳನ್ನು ಸಂಗ್ರಹಯೋಗ್ಯ ಆಕರಗಳೆಂದು ಪರಿಗಣಿಸಿ ಕವಿ, ಹಾಡುಗಾರ, ಊರು ಮತ್ತು ಪೂರ್ಣಪಾಠದೊಡನೆ ದಾಖಲಿಸುವುದು ಮೊದಲನೆಯದು. ಪೇಟೆಯಿಲ್ಲದ ಸಣ್ಣ ಸಮುದಾಯಗಳ ಹಾಡಿಗೆ ಅಕಾಡೆಮಿ, ವಿಶ್ವವಿದ್ಯಾಲಯಗಳಂತಹ ಸಾರ್ವಜನಿಕ ಸಂಸ್ಥೆಗಳು ಹಣ ಒದಗಿಸುವುದು ಎರಡನೆಯದು. ಮೇಳದವರು ಶತಮಾನಗಳ ಕಾಲ ಬಾಯಿಂದ ಬಾಯಿಗೆ ಉಳಿಸಿದ ಅಂಕಿತವನ್ನು ದಾಖಲೆಯ ಯುಗ ಕಳೆಯಬಾರದು.