ಬಾರ್ಲಿ ಬೆಳೆಯುವ ಊರಲ್ಲಿ ಮಾಲ್ಟ್ ಸಿಗುವುದಿಲ್ಲ

ಅಮೆರಿಕದಲ್ಲಿ ಬಾರ್ಲಿಯನ್ನು ಹೆಚ್ಚಾಗಿ ಬೆಳೆಯುವುದು ಮೂರು ರಾಜ್ಯಗಳಲ್ಲಿ: ಐಡಹೊ, ಮೊಂಟಾನ ಮತ್ತು ನಾನಿರುವ ಉತ್ತರ ಡಕೋಟ. ಜುಲೈ ತಿಂಗಳಲ್ಲಿ ನಮ್ಮೂರಿನ ಸುತ್ತ ಕಾರು ಓಡಿಸಿಕೊಂಡು ಹೋದರೆ ಬಾರ್ಲಿಯ ತೆನೆಗಳು ಗಾಳಿಗೆ ಬಾಗುತ್ತಿರುವುದು ಕಾಣುತ್ತದೆ. ಅದರಲ್ಲಿ ಬಹುಪಾಲು ಬಿಯರ್‌ಗೆಂದೇ ಬಿತ್ತಿದ್ದು. ಆದರೆ ಈ ಊರಲ್ಲಿ ಮನೆಯಲ್ಲೇ ಬಿಯರ್ ಮಾಡಲು ಹೊರಟವನಿಗೆ ಎರಡು ಕಿಲೊ ಮಾಲ್ಟ್ ಬೇಕಾದರೆ ಎರಡು ಗಂಟೆ ಕಾರು ಓಡಿಸಬೇಕು, ಇಲ್ಲವೇ ಅಂಚೆಯವನ ದಾರಿ ಕಾಯಬೇಕು. ಬಾರ್ಲಿ ರೈಲು ಹತ್ತಿ ದೂರದ ಕಾರ್ಖಾನೆಗೆ ಹೋಗುತ್ತದೆ, ಮಾಲ್ಟ್ ಆಗಿ ಚೀಲದಲ್ಲಿ ತಿರುಗಿ ಬರುತ್ತದೆ.

ಮಾಲ್ಟ್ ಎಂದರೆ ನಮಗೇನೂ ಹೊಸದಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದರೆ ರಾಗಿ ಮಾಲ್ಟ್. ಬಾರ್ಲಿಯದೂ ಅದೇ ಕ್ರಮ. ಮೊಳೆತ ಕಾಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವಿನೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿಟ್ಟರೆ ಕೆಲವು ದಿನಗಳಲ್ಲಿ ಬಿಯರ್. ಮಾಲ್ಟ್, ಹಾಪ್ಸ್, ಯೀಸ್ಟ್, ನೀರು: ಬೇಕಾದದ್ದು ಇಷ್ಟೇ.

ನನ್ನದು ಲೆಕ್ಕಪತ್ರದ ಕಸುಬು. ಇಲ್ಲಿಯ ರೈತರು ತೆರಿಗೆ ಲೆಕ್ಕವನ್ನು ಮಾರ್ಚ್ 1ರೊಳಗೆ ಸಲ್ಲಿಸುವ ರೂಢಿ. ಹಾಗಾಗಿ ಹಿಮದ ತಿಂಗಳುಗಳೆಲ್ಲ ನನಗೆ ಬಾರ್ಲಿ, ಗೋಧಿ, ಸೋಯಾಗಳ ಜಮಾ-ಖರ್ಚಿನಲ್ಲೇ ಕಳೆಯುತ್ತವೆ. ಅವರಲ್ಲಿ ಕೆಲವರು ಗ್ಯಾರೇಜಿನಲ್ಲಿ ಬಿಯರ್ ಮಾಡುವವರು. ಅವರ ಮಾತು ಕೇಳುತ್ತಾ ಕೇಳುತ್ತಾ ಈ ನಾಲ್ಕು ಸಾಮಾನುಗಳ ಇತಿಹಾಸವನ್ನು ಹುಡುಕಿ ಓದತೊಡಗಿದೆ. ಮನೆಯ ಬಿಯರಿನ ಇತಿಹಾಸವನ್ನು ನಾಲಿಗೆಯ ರುಚಿಗಿಂತ ಹೆಚ್ಚಾಗಿ ತೆರಿಗೆ, ಅಂಚೆ ಮತ್ತು ಅಂಗಡಿ ಬರೆದಿವೆ ಎಂದು ನನಗೆ ತೋರಿತು.

ಹಳ್ಳಿಯಲ್ಲಿ ಸಾಮಾನು ಸಿಗದಿರುವುದು ಇಂದಿನ ಕತೆಯಲ್ಲ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗುವುದಕ್ಕೆ ಬಹಳ ಮೊದಲು, ವರ್ಜೀನಿಯಾದ ಸೈನ್ಯದಲ್ಲಿ ಕರ್ನಲ್ ಆಗಿದ್ದಾಗ, 1757ರ ತನ್ನ ಟಿಪ್ಪಣಿ ಪುಸ್ತಕದಲ್ಲಿ ಲಘು ಬಿಯರ್ ಮಾಡುವ ವಿಧಾನವನ್ನು ಬರೆದಿಟ್ಟ. ಆ ಪುಸ್ತಕ ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದೆ. ಅದರಲ್ಲಿ ಮಾಲ್ಟ್‌ನ ಹೆಸರೇ ಇಲ್ಲ! ಒಂದು ದೊಡ್ಡ ಜರಡಿ ತುಂಬ ತೌಡು, ರುಚಿಗೆ ತಕ್ಕಷ್ಟು ಹಾಪ್ಸ್, 30 ಗ್ಯಾಲನ್ ನೀರಿಗೆ 3 ಗ್ಯಾಲನ್ ಕಾಕಂಬಿ. ಚಳಿ ಹೆಚ್ಚಿದ್ದರೆ ಪಾತ್ರೆಯ ಮೇಲೆ ಕಂಬಳಿ ಹೊದಿಸಬೇಕೆಂದೂ ಬರೆದಿದ್ದಾನೆ. ಒಳ್ಳೆಯ ಮಾಲ್ಟ್ ಸುಲಭವಾಗಿ ಸಿಗದ ಕಡೆ ಕೈಗೆ ಸಿಕ್ಕ ಸಿಹಿಯಿಂದಲೇ ಕೆಲಸ ಸಾಗಬೇಕಿತ್ತು.

ಅದೇ ವರ್ಜೀನಿಯಾದ ಮಾಂಟಿಚೆಲೊ ತೋಟದಲ್ಲಿ ಥಾಮಸ್ ಜೆಫರ್ಸನ್ನನ ಹೆಂಡತಿ ಮಾರ್ತಾ 1772ರಲ್ಲಿ, ಮದುವೆಯಾದ ಹೊಸತರಲ್ಲೇ, ಸುಮಾರು ಎರಡು ವಾರಕ್ಕೊಮ್ಮೆ ಬಿಯರ್ ಮಾಡಿಸಿದ ಲೆಕ್ಕ ಮನೆಯ ಖರ್ಚಿನ ಪುಸ್ತಕದಲ್ಲಿದೆ. ಸುಮಾರು ನಲವತ್ತು ವರ್ಷಗಳ ನಂತರ ಜೋಸೆಫ್ ಮಿಲ್ಲರ್ ಎಂಬ ಇಂಗ್ಲಿಷ್ ಕಸುಬುದಾರ ಅಲ್ಲಿಗೆ ಬಂದಾಗ, ಮಾಲ್ಟ್ ಮಾಡುವುದನ್ನೂ ಬಿಯರ್ ಮಾಡುವುದನ್ನೂ ಅವನಿಂದ ಕಲಿತವನು ಪೀಟರ್ ಹೆಮಿಂಗ್ಸ್, ಜೆಫರ್ಸನ್ನನ ಗುಲಾಮ. ಈ ಬಿಯರಿಗೆ ಎಷ್ಟು ಹೆಸರು ಬಂತೆಂದರೆ ಪರಿಚಯಸ್ಥರು ಅದನ್ನು ಮಾಡುವ ವಿಧಾನ ಬರೆದು ಕಳುಹಿಸಿ ಎಂದು ಕೇಳತೊಡಗಿದರು. ಜೆಫರ್ಸನ್ ತನ್ನ ಬಳಿ ಅಂಥದ್ದೇನೂ ಇಲ್ಲವೆಂದೂ, ಬರೆದದ್ದನ್ನು ಓದಿ ಈ ಕೆಲಸ ಸರಿಯಾಗಿ ಮಾಡಲಾಗುವುದೇ ಅನುಮಾನವೆಂದೂ ಉತ್ತರಿಸಿದ. ಇರಲು ಹೇಗೆ ಸಾಧ್ಯ? ವಿದ್ಯೆ ಇದ್ದದ್ದು ಪೀಟರನ ಕೈಯಲ್ಲಿ, ಹೆಸರು ಮಾತ್ರ ಯಜಮಾನನದು.

ಇಲ್ಲಿಂದ ಮುಂದಿನದು ತೆರಿಗೆಯ ಅಧ್ಯಾಯ. ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಲಿಂಕನ್ ಸರ್ಕಾರ ಮಾರಾಟದ ಬಿಯರ್ ಮೇಲೆ ಬ್ಯಾರೆಲ್‌ಗೆ ಒಂದು ಡಾಲರ್ ಸುಂಕ ಹಾಕಿತು. ಯುದ್ಧ ಮುಗಿಯಿತು, ಸುಂಕ ಉಳಿಯಿತು. ಮುಂದಿನ ದಶಕಗಳಲ್ಲಿ ಇಲ್ಲಿಯ ಕೇಂದ್ರ ಸರ್ಕಾರದ ಆದಾಯದ ಸುಮಾರು ಮೂರನೆಯ ಒಂದು ಪಾಲು ಮದ್ಯದ ಮೇಲಿನ ಸುಂಕದಿಂದಲೇ ಬರುತ್ತಿತ್ತು. ಬಜೆಟ್ ಬಂದಾಗಲೆಲ್ಲ ಅಬಕಾರಿ ಆದಾಯದ ಗುರಿ ಎಷ್ಟು ಕೋಟಿ ಎಂದು ಪತ್ರಿಕೆಯಲ್ಲಿ ಓದಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಲು ಕೊಡುವ ಹಸುವನ್ನು ಯಾವ ಸರ್ಕಾರವೂ ಸುಮ್ಮನೆ ಕಟುಕನಿಗೆ ಕೊಡುವುದಿಲ್ಲ. 1913ರಲ್ಲಿ ಸಂವಿಧಾನಕ್ಕೆ ಹದಿನಾರನೆಯ ತಿದ್ದುಪಡಿಯಾಗಿ ಆದಾಯ ತೆರಿಗೆ ಬಂದಿತು. ಬೊಕ್ಕಸ ತುಂಬಲು ಬೇರೆ ದಾರಿ ಸಿಕ್ಕಿದ ಮೇಲೆಯೇ ಪಾನನಿಷೇಧದ ಮಾತು ದೇಶದ ಮಟ್ಟದಲ್ಲಿ ನಡೆಯುವಂತಾದದ್ದು.

ಉತ್ತರ ಡಕೋಟಕ್ಕೆ ಮಾತ್ರ ನಿಷೇಧ ಹೊಸದಾಗಿರಲಿಲ್ಲ. 1889ರಲ್ಲಿ ಈ ರಾಜ್ಯ ಹುಟ್ಟಿದ್ದೇ ಪಾನನಿಷೇಧವನ್ನು ತನ್ನ ಸಂವಿಧಾನದಲ್ಲಿ ಬರೆದುಕೊಂಡು. ಫಾರ್ಗೊ ನಗರದ ಹೆಂಡದಂಗಡಿಗಳು ಮುಚ್ಚಿದವು. ರೆಡ್ ನದಿಯ ಸೇತುವೆ ದಾಟಿದರೆ ಮಿನ್ನೆಸೋಟದ ಮೂರ್‌ಹೆಡ್‌ನಲ್ಲಿ ಅವೇ ಅಂಗಡಿಗಳು ಸಾಲುಸಾಲಾಗಿ ತೆರೆದವು. ಫಾರ್ಗೊದ ಕುಡುಕರನ್ನು ಕರೆತರಲು ಅಂಗಡಿಯವರೇ ಪುಕ್ಕಟೆ ಕುದುರೆಗಾಡಿ ಕಳುಹಿಸುತ್ತಿದ್ದರು. ನದಿಯಿಂದ ದೂರವಿದ್ದ ಹಳ್ಳಿಯವರಿಗೆ ಆ ಅನುಕೂಲವಿರಲಿಲ್ಲ. ಅವರಿಗಿದ್ದದ್ದು ಕಳ್ಳ ಅಂಗಡಿಗಳು ಮತ್ತು ಸ್ವಂತ ಅಡುಗೆಮನೆ.

1920ರ ಜನವರಿ 17ರಿಂದ ನಿಷೇಧ ಇಡೀ ದೇಶಕ್ಕೆ ಬಂತು. ಅದನ್ನು ಜಾರಿಗೊಳಿಸಿದ ವೋಲ್‌ಸ್ಟೆಡ್ ಕಾಯಿದೆಯಲ್ಲಿ ಒಂದು ಸಂದು ಇತ್ತು. ಮನೆ ಬಳಕೆಗೆ ಹಣ್ಣಿನ ರಸ ಮತ್ತು ಸೇಬಿನ ರಸ ಮಾಡಿಕೊಳ್ಳಬಹುದು, ಅದು ‘ಅಮಲೇರಿಸದಂತೆ’ ಇದ್ದರೆ ಸಾಕು. ಎಷ್ಟಾದರೆ ಅಮಲು ಎಂಬುದನ್ನು ಆ ಕಲಮು ಹೇಳಲಿಲ್ಲ. ಹೀಗಾಗಿ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಬೆಳೆಗಾರರಿಗೆ ಸುಗ್ಗಿಯೋ ಸುಗ್ಗಿ. ದ್ರಾಕ್ಷಿ ರೈಲಿನಲ್ಲಿ ಊರೂರಿಗೆ ಹೋಗಿ ಮನೆಗಳಲ್ಲಿ ವೈನ್ ಆಯಿತು. ಬಾರ್ಲಿ ಹಣ್ಣಲ್ಲವಲ್ಲ! ಮನೆಯ ಬಿಯರಿಗೆ ಆ ಸಂದಿನಲ್ಲಿ ಜಾಗವಿರಲಿಲ್ಲ.

ಆದರೂ ಮನೆಗಳಲ್ಲಿ ಬಿಯರ್ ಹುದುಗಿತು, ಹಿಂದೆಂದಿಗಿಂತ ಹೆಚ್ಚಾಗಿಯೇ. ಕಾರಣ ಒಂದು ತಗಡಿನ ಡಬ್ಬಿ. ಬಾಗಿಲು ಮುಚ್ಚಬೇಕಾಗಿ ಬಂದ ಆನ್‌ಹೈಸರ್-ಬುಷ್, ಪ್ಯಾಬ್ಸ್ಟ್‌ನಂಥ ದೊಡ್ಡ ಕಂಪನಿಗಳು ಮಾಲ್ಟ್‌ನ ಸಿಹಿನೀರನ್ನು ಜೇನಿನಷ್ಟು ಗಟ್ಟಿಯಾಗಿ ಬತ್ತಿಸಿ ಡಬ್ಬಿಯಲ್ಲಿ ತುಂಬಿ ಮಾರತೊಡಗಿದವು. ಹೇಳಿಕೆಗೆ ಅದು ಬ್ರೆಡ್ಡಿಗೆ, ಬಿಸ್ಕತ್ತಿಗೆ. ಆದರೆ ಡಬ್ಬಿಯೊಳಗಿನ ಸಿರಪ್‌ಗೆ ಎಷ್ಟೋ ಸಲ ಹಾಪ್ಸ್ ಕೂಡ ಬೆರೆಸಿರುತ್ತಿತ್ತು. ಕಹಿ ಬಿಸ್ಕತ್ತನ್ನು ಯಾರು ತಿನ್ನುತ್ತಾರೆ? ಬಿಯರ್ ಮಾಡುವ ವಿಧಾನವನ್ನು ಜಾಹೀರಾತು ಮಾಡುವುದು ಕಾನೂನಿಗೆ ವಿರುದ್ಧವಾದ್ದರಿಂದ ಅದನ್ನು ಡಬ್ಬಿಯ ಮೇಲೆ ಅಚ್ಚು ಹಾಕುವಂತಿರಲಿಲ್ಲ. ಅದು ಬಾಯಿಂದ ಬಾಯಿಗೆ ಹರಡಿತು: ಒಂದು ಡಬ್ಬಿ ಸಿರಪ್, ಒಂದಿಷ್ಟು ಸಕ್ಕರೆ, ಐದು ಗ್ಯಾಲನ್ ನೀರು, ಬ್ರೆಡ್ಡಿನ ಯೀಸ್ಟ್, ಉಪ್ಪಿನಕಾಯಿಯ ದೊಡ್ಡ ಭರಣಿ. ಹುದುಗು ಮುಗಿಯುವ ಮುನ್ನವೇ ಬಾಟಲಿಗೆ ತುಂಬಿದರೆ ನಡುರಾತ್ರಿ ನೆಲಮಾಳಿಗೆಯಲ್ಲಿ ಬಾಟಲಿಗಳು ಒಡೆಯುತ್ತಿದ್ದವು.

ಇಲ್ಲಿಯ ವೈಚಿತ್ರ್ಯವನ್ನು ಗಮನಿಸಿ. ಬಿಯರ್ ಮಾಡುವುದು ಅಪರಾಧವಾಗಿದ್ದ ಕಾಲದಲ್ಲಿ ಅದಕ್ಕೆ ಬೇಕಾದ ಸಾಮಾನು ಹಳ್ಳಿಯ ಕಿರಾಣಿ ಅಂಗಡಿಯ ಕಪಾಟಿನಲ್ಲೇ ಸಿಗುತ್ತಿತ್ತು. ಅಲ್ಲಿ ಸಿಗದಿದ್ದರೂ ತೊಂದರೆಯಿರಲಿಲ್ಲ. 1913ರ ಜನವರಿ 1ರಂದು ಅಂಚೆ ಇಲಾಖೆ ಪಾರ್ಸೆಲ್ ಸೇವೆ ಶುರುಮಾಡಿತ್ತು. ಅದರಿಂದ ಭಾರದ ಸಾಮಾನೂ ಹೊಲದ ನಡುವಿನ ಒಂಟಿ ಮನೆಯ ಬಾಗಿಲಿಗೆ ಬರುತ್ತಿತ್ತು.

1933ರಲ್ಲಿ ಮತ್ತೆ ಲೆಕ್ಕಪುಸ್ತಕವೇ ಗೆದ್ದಿತು. ಮಹಾ ಆರ್ಥಿಕ ಕುಸಿತದಲ್ಲಿ ಆದಾಯ ತೆರಿಗೆ ಬತ್ತಿಹೋಗಿ ಸರ್ಕಾರಕ್ಕೆ ಹಳೆಯ ಹಸುವಿನ ನೆನಪಾಯಿತು. ಏಪ್ರಿಲ್ 7ರಂದು ಲಘು ಬಿಯರ್ ಮಾರಾಟಕ್ಕೆ ಬಂತು, ಡಿಸೆಂಬರ್ 5ರಂದು ನಿಷೇಧವೇ ರದ್ದಾಯಿತು. ಮನೆಯ ಯಜಮಾನ ವರ್ಷಕ್ಕೆ 200 ಗ್ಯಾಲನ್ ವೈನನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದೆಂದೂ ಕಾನೂನು ಒಪ್ಪಿತು. ಬಿಯರ್ ಎಂಬ ಪದ ಮಾತ್ರ ಅದರಲ್ಲಿ ಸೇರಲಿಲ್ಲ. ಗುಮಾಸ್ತನೊಬ್ಬ ಟೈಪ್ ಮಾಡುವಾಗ ಬಿಟ್ಟುಬಿಟ್ಟ ಎಂಬ ಕತೆಯನ್ನು ಮನೆ ಬಿಯರಿನವರು ಇಂದಿಗೂ ಹೇಳುತ್ತಾರೆ. ಹೇಗೇ ಇರಲಿ, ಮುಂದಿನ 45 ವರ್ಷ ಅಮೆರಿಕದ ಪ್ರಜೆ ಅಂಗಡಿಯ ಬಿಯರನ್ನು ಎಷ್ಟು ಬೇಕಾದರೂ ಕುಡಿಯಬಹುದಿತ್ತು, ತನ್ನ ಒಲೆಯ ಮೇಲೆ ಒಂದು ಹಂಡೆ ಮಾಡುವಂತಿರಲಿಲ್ಲ. ಅಗ್ಗದ ಬಿಯರ್ ಎಲ್ಲೆಡೆ ಸಿಗತೊಡಗಿದ ಮೇಲೆ ಸಿರಪ್ ಡಬ್ಬಿಗಳು ಕಪಾಟಿನಿಂದ ಕಾಣೆಯಾದವು, ಅವುಗಳ ಜೊತೆ ಅದನ್ನು ಬಳಸುವ ರೂಢಿಯೂ. 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ ಬಿಯರ್ ಕಂಪನಿಗಳ ಸಂಖ್ಯೆ ನೂರಕ್ಕಿಂತ ಕೆಳಗಿಳಿದಿತ್ತು.

ಆ ಕಾಲದಲ್ಲೇ, 1976ರಲ್ಲಿ, ಕೆನ್ ಗ್ರಾಸ್‌ಮನ್ ಎಂಬ ಯುವಕ ಉತ್ತರ ಕ್ಯಾಲಿಫೋರ್ನಿಯಾದ ಚೀಕೊ ಎಂಬ ಸಣ್ಣ ಊರಿನಲ್ಲಿ ಮನೆ ಬಿಯರಿನ ಸಾಮಾನುಗಳ ಅಂಗಡಿ ತೆರೆದ. ಬಾದಾಮಿ ತೋಟಗಳ ಸೀಮೆ ಅದು. ಒಳ್ಳೆಯ ಹಾಪ್ಸ್ ಬೇಕೆಂದು ಅವನು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯವರೆಗೆ ತಾನೇ ಗಾಡಿ ಓಡಿಸಿಕೊಂಡು ಹೋಗುತ್ತಿದ್ದ. 1980ರಲ್ಲಿ ಹಳೆಯ ಡೈರಿ ಉಪಕರಣಗಳನ್ನು ಜೋಡಿಸಿ ತನ್ನದೇ ಬಿಯರ್ ಮಾಡತೊಡಗಿದ; ಅದೇ ಸಿಯೆರಾ ನೆವಾಡ.

ಕಾನೂನು ಬದಲಾದದ್ದು ಈ ನಡುವೆ. ಕ್ಯಾಲಿಫೋರ್ನಿಯಾದ ಸೆನೆಟರ್ ಅಲನ್ ಕ್ರಾನ್‌ಸ್ಟನ್ ಮಂಡಿಸಿದ ತಿದ್ದುಪಡಿಯನ್ನು ಒಳಗೊಂಡ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಮಾಡಿದರು. 1979ರ ಫೆಬ್ರವರಿ 1ರಿಂದ ಜಾರಿ. ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರಿಗೆ ತೆರಿಗೆ ಇಲ್ಲ. ಮಾರುವಂತಿಲ್ಲ, ಅಷ್ಟೆ. ಆದರೆ ಮದ್ಯದ ವಿಷಯದಲ್ಲಿ ರಾಜ್ಯಗಳ ಮಾತೂ ನಡೆಯುವ ದೇಶವಿದು. ಕೊನೆಯ ಎರಡು ರಾಜ್ಯಗಳಾದ ಮಿಸಿಸಿಪ್ಪಿ ಮತ್ತು ಅಲಬಾಮಾ ಒಪ್ಪಿಗೆ ಕೊಡುವಷ್ಟರಲ್ಲಿ 2013 ಬಂದಿತ್ತು. ವೋಲ್‌ಸ್ಟೆಡ್ ಕಾಯಿದೆಯಿಂದ ಎಣಿಸಿದರೆ ತೊಂಬತ್ತನಾಲ್ಕು ವರ್ಷ!

ಹಕ್ಕು ಬಂದಿದೆ, ಸರಿ. ಸಾಮಾನು? ನಗರದಲ್ಲಿ ತೆರೆದ ಅಂಗಡಿಗಳಲ್ಲಿ ಎಷ್ಟೋ ಮುಚ್ಚಿವೆ. ದೂರದ ಊರುಗಳಿಗೆ ಪಾರ್ಸೆಲ್ ಕಳುಹಿಸುವ ವ್ಯಾಪಾರದಲ್ಲಿ ಮುಂದಿದ್ದ ಮಿನ್ನೆಸೋಟದ ನಾರ್ದರ್ನ್ ಬ್ರೂವರ್ ಕಂಪನಿಯನ್ನು 2016ರಲ್ಲಿ ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿಯೇ ಕೊಂಡುಕೊಂಡಿತು. ಕೆಲವು ವರ್ಷಗಳ ನಂತರ ಅದನ್ನು ಮಾರಿಬಿಟ್ಟಿತು. ಸಾಗಾಣಿಕೆಯ ಖರ್ಚನ್ನು ಪ್ರತ್ಯೇಕವಾಗಿ ಬರೆದು ನೋಡಿ: 25 ಕಿಲೊ ಮಾಲ್ಟ್ ಚೀಲ ತರಿಸುವ ವೆಚ್ಚ ಕೆಲವೊಮ್ಮೆ ಒಳಗಿನ ಕಾಳಿನ ಬೆಲೆಗೆ ಸಮವಾಗಿಬಿಡುತ್ತದೆ. ದ್ರವರೂಪದ ಯೀಸ್ಟ್ ಜನವರಿಯಲ್ಲಿ ಅಂಚೆಪೆಟ್ಟಿಗೆಯಲ್ಲೇ ಹೆಪ್ಪುಗಟ್ಟುತ್ತದೆ, ಜುಲೈಯಲ್ಲಿ ಬೇಯುತ್ತದೆ. ಆದ್ದರಿಂದ ಹಳ್ಳಿಯವರು ಒಣ ಯೀಸ್ಟಿನ ಪೊಟ್ಟಣಗಳನ್ನು ಫ್ರಿಜ್ಜಿನಲ್ಲಿ ಕೂಡಿಡುತ್ತಾರೆ. ಮಾಲ್ಟನ್ನು ನಾಲ್ಕೈದು ಮನೆಯವರು ಸೇರಿ ಒಟ್ಟಿಗೆ ತರಿಸಿ ಹಂಚಿಕೊಳ್ಳುತ್ತಾರೆ. ಹಾಪ್ಸ್ ಬಳ್ಳಿಯನ್ನು ಕೊಟ್ಟಿಗೆಯ ಗೋಡೆಗೆ ಹಬ್ಬಿಸಿದವರೂ ಇದ್ದಾರೆ. ಒಬ್ಬರ ಪೀಪಾಯಿಯ ತಳದಲ್ಲಿ ನಿಂತ ಯೀಸ್ಟನ್ನು ಜಾಡಿಯಲ್ಲಿ ತುಂಬಿ ಇನ್ನೊಬ್ಬರಿಗೆ ಕೊಡುವುದು ಮಾಮೂಲು. ನಾರ್ವೆಯ ಪಶ್ಚಿಮದ ಹಳ್ಳಿಗಳಲ್ಲಿ ಯೀಸ್ಟನ್ನು ಮರದ ಬಳೆಯ ಮೇಲೆ ಒಣಗಿಸಿಟ್ಟು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಒಬ್ಬರದು ಕೆಟ್ಟರೆ ನೆರೆಮನೆಯಿಂದ ತರುತ್ತಿದ್ದರು. ನಮ್ಮ ಅಮ್ಮಂದಿರು ಪಕ್ಕದ ಮನೆಗೆ ಲೋಟ ಹಿಡಿದುಕೊಂಡು ಹೆಪ್ಪಿಗೆ ಮೊಸರು ಕೇಳಲು ಹೋಗುತ್ತಿದ್ದುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇಷ್ಟೆಲ್ಲ ಇದ್ದರೂ ಒಂದು ಸಾಮಾನು ಮನೆಯ ಕೈ ತಪ್ಪಿದೆ, ಅದು ಮಾಲ್ಟ್. ಕಾಳನ್ನು ಯಾವಾಗ ನೆನೆಸಬೇಕು, ಮೊಳಕೆ ಎಷ್ಟು ಉದ್ದವಾದಾಗ ನಿಲ್ಲಿಸಬೇಕು, ಎಷ್ಟು ಬಿಸಿಯಲ್ಲಿ ಒಣಗಿಸಬೇಕು ಎಂಬ ಪೀಟರ್ ಹೆಮಿಂಗ್ಸನ ವಿದ್ಯೆ ಸಾವಿರ ಎಕರೆ ಬಾರ್ಲಿ ಬೆಳೆಯುವ ರೈತನಿಗೂ ಇಂದು ಸಾಮಾನ್ಯವಾಗಿ ಗೊತ್ತಿಲ್ಲ. ಅಂಗಡಿ ಮತ್ತೆ ತೆರೆಯಬಹುದು, ಕಾನೂನನ್ನು ತಿದ್ದಬಹುದು. ಎರಡೂ ಆಗಿರುವುದನ್ನು ಈ ನೂರು ವರ್ಷಗಳಲ್ಲೇ ಕಂಡೆವು. ಆದರೆ ಮನೆಯಿಂದ ಹೋದ ಕೈಕೆಲಸವನ್ನು ಯಾವ ತಿದ್ದುಪಡಿಯೂ ತಂದುಕೊಡುವುದಿಲ್ಲ, ಯಾರಾದರೂ ಕೂತು ಕಲಿಯಬೇಕು. ಈಚೆಗೆ ಬಾರ್ಲಿ ಸೀಮೆಯ ಕೆಲವು ರೈತರು ತಮ್ಮ ಬೆಳೆಯನ್ನು ತಾವೇ ಸಣ್ಣ ಪ್ರಮಾಣದಲ್ಲಿ ಮಾಲ್ಟ್ ಮಾಡತೊಡಗಿದ್ದಾರೆ. ಅದರ ಲಾಭ-ನಷ್ಟವನ್ನು ನನ್ನಂಥವರು ಕೂಡಿ ಕಳೆದು ಹೇಳಬಹುದು. ಆದರೆ ಮೊಳಕೆ ಸರಿಯಾಗಿ ಬಂದಿದೆಯೇ ಎಂದು ನೋಡಬೇಕಾದವರು ಅವರೇ, ಕಾಳನ್ನು ಅಂಗೈಯಲ್ಲಿ ಹಿಡಿದು.